ಮುಂಗಾಲಿಗಳ ತಕರಾರು

ಕಾರಿನೊಳಗೆ ಬಾಯಗಲದ ಒಂದು ಪಾತ್ರೆ, ಅದರ ತುಂಬ ನೀರು. ಅಳೆದು ಗುರುತು ಹಾಕಿದ ಒಂದು ಮೈಲಿ ರಸ್ತೆಯಲ್ಲಿ ಕಾರನ್ನು ಒಮ್ಮೆ ನಿಧಾನಕ್ಕೆ, ಒಮ್ಮೆ ಜೋರಾಗಿ ಓಡಿಸಿ, ಪ್ರತಿ ಸಲವೂ ಎಷ್ಟು ನೀರು ಚೆಲ್ಲಿಹೋಯಿತೆಂದು ಲೆಕ್ಕ ಬರೆದುಕೊಳ್ಳುತ್ತಿದ್ದರು. ಇದು 1920ರ ದಶಕದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಕಂಪನಿ ನಡೆಸುತ್ತಿದ್ದ ಪ್ರಯೋಗ. ಮಹಾರಾಜರಿಗೆ ಕಾರು ಮಾರುತ್ತಿದ್ದ ಕಂಪನಿಗೆ ಸವಾರಿಯ ಸುಖವನ್ನು ಅಳೆಯಲು ಹೊಳೆದ ಉಪಾಯ ಇಷ್ಟೇ ಆಗಿತ್ತು.

ತಲೆನೋವು ಶುರುವಾದದ್ದು ರಫ್ತಿನಿಂದ. ಇಂಗ್ಲೆಂಡಿನ ರಸ್ತೆಗಳಲ್ಲಿ ಯಾರ ತಕರಾರೂ ಇಲ್ಲದೆ ಓಡುತ್ತಿದ್ದ ಕಾರುಗಳು ಹಡಗು ಹತ್ತಿ ಅಮೆರಿಕಕ್ಕೆ ಹೋದೊಡನೆ ಕುಳಿತವರನ್ನು ಎತ್ತಿ ಎತ್ತಿ ಹಾಕುತ್ತಿದ್ದವು. ಅಮೆರಿಕದ ರಸ್ತೆಗಳು ಕೆಟ್ಟವು ಎಂದು ಹೇಳಿ ಕೈತೊಳೆದುಕೊಳ್ಳೋಣವೆಂದರೆ ಆ ರಸ್ತೆಗಳು ಆಗಷ್ಟೇ ಸುಧಾರಿಸಿದ್ದವು. ಕೊನೆಗೆ ಕಂಪನಿಯ ಎಂಜಿನಿಯರುಗಳಿಗೆ ನಿಜ ಹೊಳೆಯಿತು. ಅಲ್ಲಿನ ರಸ್ತೆ ಕೆಟ್ಟದ್ದಲ್ಲ, ಅದರ ಮೇಲಿನ ಏರಿಳಿತಗಳ ಆಕಾರವೇ ಬೇರೆ. ಒಂದು ಬಗೆಯ ಅಲೆಗೆ ಒಗ್ಗಿದ ಸ್ಪ್ರಿಂಗು ಇನ್ನೊಂದು ಬಗೆಯ ಅಲೆಗೆ ಒಗ್ಗಲೇಬೇಕೆಂದೇನಿಲ್ಲ.

ಈ ತಲೆನೋವನ್ನು ಹೊತ್ತು ತಿರುಗುತ್ತಿದ್ದವರಲ್ಲಿ ಒಬ್ಬ ಮಾರಿಸ್ ಓಲಿ. 1889ರಲ್ಲಿ ವೇಲ್ಸಿನ ಕಡಲತೀರದ ಊರು ಲ್ಯಾಂಡುಡ್ನೋದಲ್ಲಿ ಹುಟ್ಟಿದವನು, ಸ್ವತಃ ಹೆನ್ರಿ ರಾಯ್ಸ್‌ನ ಕೈಕೆಳಗೆ ವಿನ್ಯಾಸ ಕಲಿತವನು. ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ರೋಲ್ಸ್ ರಾಯ್ಸ್ ಕಾರುಗಳನ್ನು ತಯಾರಿಸುವ ಕಾರ್ಖಾನೆಯೊಂದಿತ್ತು, ಓಲಿ ಅಲ್ಲಿದ್ದ. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಬಿದ್ದಿತು. ಲಕ್ಷಾಧೀಶರೇ ದಿವಾಳಿಯಾದ ಮೇಲೆ ಲಕ್ಷಾಧೀಶರ ಕಾರನ್ನು ಕೊಳ್ಳುವವರು ಯಾರು? 1930ರ ನವೆಂಬರಿನಲ್ಲಿ ಓಲಿ ಡೆಟ್ರಾಯ್ಟಿಗೆ ಬಂದು ಜನರಲ್ ಮೋಟರ್ಸ್ ಸಮೂಹದ ಕ್ಯಾಡಿಲಾಕ್ ಕಂಪನಿ ಸೇರಿದ. ಆ ಊರು ಆಗ ಕೆಲಸಕ್ಕೆ ಹೊಸಬರನ್ನು ಸೇರಿಸಿಕೊಳ್ಳುವ ಸ್ಥಿತಿಯಲ್ಲೇ ಇರಲಿಲ್ಲ. ಒಬ್ಬ ಎಂಜಿನಿಯರನಿಗೆ ಸವಾರಿಯ ಸುಖವನ್ನು ಹುಡುಕಿಕೊಂಡು ಕೂರಲು ಸಂಬಳ ಸಿಕ್ಕಿದ್ದೇ ಒಂದು ಆಕಸ್ಮಿಕ.

ಆಗಿನ ಕಾರುಗಳ ತಳ ನೋಡಿದರೆ ಎತ್ತಿನಗಾಡಿಗಿಂತ ತುಂಬಾ ಮುಂದೇನೂ ಹೋಗಿರಲಿಲ್ಲ. ಎಡಗಾಲಿಯಿಂದ ಬಲಗಾಲಿಗೆ ಉಕ್ಕಿನ ಒಂದೇ ಅಡ್ಡಕಂಬ, ಅದೇ ಆಕ್ಸಲ್. ಅದರ ಮೇಲೆ ಇಂದಿಗೂ ಲಾರಿಗಳಲ್ಲಿ ಕಾಣುವಂಥ ಪಾಟಾ ಸ್ಪ್ರಿಂಗ್. ಹಿಂದಿನ ಪಾಟಾ ಮೆತ್ತಗೆ, ಮುಂದಿನದು ಬಿರುಸು. ಯಜಮಾನರು ಕೂರುವುದು ಹಿಂದಿನ ಸೀಟಿನಲ್ಲಿ, ಆದ್ದರಿಂದ ಮೆತ್ತಗಿರಬೇಕಾದದ್ದು ಹಿಂದಿನದು ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಕಾರು ಓಡುವಾಗ ಮೂತಿ ಎತ್ತುತ್ತ, ಬಾಲ ಎತ್ತುತ್ತ ಹೋಗುತ್ತಿತ್ತು. ಹಿಂದೆ ಕೂತ ಯಜಮಾನರ ತಲೆ ಚಾವಣಿಗೆ ತಾಗುತ್ತಿತ್ತು.

ಓಲಿ ಕ್ಯಾಡಿಲಾಕ್‌ನಲ್ಲಿ ಮೊದಲು ಮಾಡಿದ ಕೆಲಸ ಕಾರುಗಳನ್ನು ನೇತುಹಾಕಿದ್ದು. ಇಡೀ ಕಾರನ್ನು ಮೇಲಿನಿಂದ ಜೋತುಬಿಟ್ಟು ತೂಗಿ, ತೂಗಾಟದ ಲಯದಿಂದ ಅದರ ತೂಕ ಉದ್ದಕ್ಕೂ ಹೇಗೆ ಹಂಚಿಹೋಗಿದೆ ಎಂದು ಲೆಕ್ಕ ಹಾಕುತ್ತಿದ್ದ. ಸ್ಪ್ರಿಂಗುಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟು ಅಳೆಯದೆ, ಕಾರಿಗೆ ಜೋಡಿಸಿದ ಸ್ಥಿತಿಯಲ್ಲೇ ಅಳೆದ. ಕಾರು ನಿಂತಲ್ಲೇ ನಿಂತಿದ್ದು ಗಾಲಿಗಳ ಕೆಳಗಿನಿಂದ ಉಬ್ಬುತಗ್ಗುಗಳು ಬಂದು ಹೊಡೆಯುವಂಥ ಯಂತ್ರವನ್ನೂ ಕಟ್ಟಿಸಿದ. ಡೆಟ್ರಾಯ್ಟ್ ಅಂಥದ್ದನ್ನು ನೋಡಿದ್ದು ಅದೇ ಮೊದಲು. ಅಳತೆಗಳು ರಾಶಿಬಿದ್ದವು. ಹಿತವಾದ ಸವಾರಿ ಎಂದರೇನು ಎಂಬ ಪ್ರಶ್ನೆಗೆ ಮಾತ್ರ ಆ ರಾಶಿಯಲ್ಲಿ ಉತ್ತರವಿರಲಿಲ್ಲ.

1932ರ ಆರಂಭದಲ್ಲಿ ಆತ ಉಪಕರಣಗಳನ್ನು ಬದಿಗಿಟ್ಟ. ಏಳು ಜನ ಕೂರುವ ಒಂದು ದೊಡ್ಡ ಲಿಮೋಸಿನ್ ತರಿಸಿ, ಅದರ ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡ ಕಟ್ಟುಗಳನ್ನು ಕೂರಿಸಿ, ಅವುಗಳ ಮೇಲೆ ಕಬ್ಬಿಣದ ತೂಕಗಳನ್ನು ಹೇರಿದ. ತೂಕಗಳನ್ನು ಅತ್ತಿತ್ತ ಸರಿಸಿದರೆ ಮುಂದಿನ ಸ್ಪ್ರಿಂಗ್ ಎಷ್ಟು ಕುಸಿಯಬೇಕು, ಹಿಂದಿನದು ಎಷ್ಟು, ಕಾರು ಎಷ್ಟು ಸುಲಭವಾಗಿ ಮೂತಿಯೆತ್ತಬೇಕು ಎಂಬುದೆಲ್ಲ ಬೇಕಾದಂತೆ ಬದಲಾಗುತ್ತಿತ್ತು. ಅದಕ್ಕೆ ಅವರಿಟ್ಟ ಹೆಸರು ‘ಕೆ ಸ್ಕ್ವೇರ್ ರಿಗ್’. ಒಂದೇ ದಿನದಲ್ಲಿ ಒಂದಾದ ಮೇಲೊಂದು ಜೋಡಣೆ ಮಾಡುವುದು, ಜನರನ್ನು ಕೂರಿಸಿಕೊಂಡು ಸುತ್ತಿಸುವುದು, ಯಾವುದು ಹಿತವಾಯಿತೆಂದು ಕೇಳುವುದು. ಬೆಳಗ್ಗಿನ ಅನುಭವ ಮರೆಯುವ ಮೊದಲೇ ಸಂಜೆಯದನ್ನು ಅದರೊಡನೆ ಹೋಲಿಸಬಹುದಿತ್ತು. ಒಳ್ಳೆಯ ಸವಾರಿ ಎಂದರೇನೆಂದು ತಮಗೆ ಗೊತ್ತಿರಲಿಲ್ಲ, ಆದ್ದರಿಂದಲೇ ಈ ದಾರಿ ಹಿಡಿದೆವು ಎಂದು ಓಲಿ ಆಮೇಲೆ ಒಪ್ಪಿಕೊಂಡಿದ್ದಾನೆ. ವಿಜ್ಞಾನದ ಹೆಸರಿನಲ್ಲಿ ಗತ್ತು ತೋರಿಸುವವರು ಕಲಿಯಬೇಕಾದ ಸಂಕೋಚ ಇದು.

ಉತ್ತರ ಬಂತು, ಆದರೆ ತಲೆಕೆಳಗಾಗಿ ಬಂತು. ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆತ್ತಗಿದ್ದಾಗ ಕಾರು ಮೂತಿಯೆತ್ತುವುದನ್ನೇ ನಿಲ್ಲಿಸಿ, ಮಟ್ಟಸವಾಗಿ ತೇಲಿದಂತೆ ಸಾಗಿತು. ಕಾರಿನಲ್ಲಿ ಕೂತ ಯಾರಿಗೂ ಅಂಥ ಅನುಭವ ಅದಕ್ಕೆ ಮುಂಚೆ ಆಗಿರಲಿಲ್ಲ. ಅವರು ಅದನ್ನು ‘ಫ್ಲಾಟ್ ರೈಡ್’ ಎಂದು ಕರೆದರು. ಮೂರು ದಶಕಗಳಿಂದ ಎಲ್ಲ ಕಾರುಗಳಲ್ಲೂ ಮೆತ್ತಗಿನದನ್ನೂ ಬಿರುಸಿನದನ್ನೂ ಅದಲುಬದಲಾಗಿ ಹಾಕಿಕೊಂಡು ಬಂದಿದ್ದರು.

ಹಾಗಾದರೆ ಮುಂದೆ ಮೆತ್ತಗಿನ ಸ್ಪ್ರಿಂಗ್ ಹಾಕಿಬಿಟ್ಟರಾಯಿತಲ್ಲ? ಅಲ್ಲಿ ಸಿಕ್ಕಿಬಿದ್ದರು. ಅದಕ್ಕೆ ಮುಂಚೆ ಹಾಗೆ ಮಾಡಹೋದವರೆಲ್ಲ ಕೈಸುಟ್ಟುಕೊಂಡಿದ್ದರು. ಒಂದು ವೇಗ ಮುಟ್ಟುತ್ತಿದ್ದಂತೆ ಮುಂದಿನ ಎರಡೂ ಗಾಲಿಗಳು ಎಡಕ್ಕೆ ಬಲಕ್ಕೆ ಪಟಪಟನೆ ಬಡಿದುಕೊಳ್ಳಲು ಶುರುಮಾಡುತ್ತಿದ್ದವು. ಸ್ಟೇರಿಂಗ್ ಚಾಲಕನ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ‘ಶಿಮ್ಮಿ’ ಎಂಬ ಆ ರೋಗದ ಮೂಲ ಇದ್ದದ್ದು ಅಡ್ಡಕಂಬದಲ್ಲಿ. ಒಂದು ಗಾಲಿ ಕಲ್ಲು ಹತ್ತಿದರೆ ಇಡೀ ಆಕ್ಸಲ್ ಓರೆಯಾಗುತ್ತದೆ, ಅದರೊಡನೆ ಎರಡೂ ಗಾಲಿಗಳು ಓರೆಯಾಗುತ್ತವೆ. ಜೋರಾಗಿ ಸುತ್ತುವ ಬುಗುರಿಯನ್ನು ಪಕ್ಕಕ್ಕೆ ದೂಡಿದರೆ ಅದು ದೂಡಿದ ಕಡೆಗೆ ಬೀಳದೆ ಇನ್ನೊಂದು ಕಡೆಗೆ ವಾಲುವಂತೆ, ಸುತ್ತುತ್ತಿರುವ ಗಾಲಿಯನ್ನು ಓರೆ ಮಾಡಿದರೆ ಅದು ಪಕ್ಕಕ್ಕೆ ತಿರುಗಿಕೊಳ್ಳುತ್ತದೆ. ತಿರುಗಿದ ಗಾಲಿ ಆಕ್ಸಲನ್ನು ಮತ್ತೆ ಓರೆ ಮಾಡುತ್ತದೆ. ಬಿರುಸಾದ ಪಾಟಾ ಇದನ್ನು ಹೇಗೋ ಅದುಮಿ ಹಿಡಿದಿತ್ತು, ಮೆತ್ತಗಿನದು ಬಿಟ್ಟುಕೊಡುತ್ತಿತ್ತು. ಸುಖ ಬೇಕೆಂದರೆ ಮೆತ್ತಗಿರಬೇಕು, ಜೀವ ಬೇಕೆಂದರೆ ಬಿರುಸಾಗಿರಬೇಕು.

ಅಡ್ಡಕಂಬವನ್ನೇ ಕಿತ್ತು ಹಾಕದೆ ಬೇರೆ ದಾರಿ ಇರಲಿಲ್ಲ. ಎರಡು ಪ್ರಯೋಗದ ಕ್ಯಾಡಿಲಾಕುಗಳು ತಯಾರಾದವು, ಎರಡರಲ್ಲೂ ಪ್ರತಿ ಮುಂಗಾಲಿಗೂ ಅದರದೇ ಆಸರೆ. ಒಂದರದ್ದು ಓಲಿಯ ತಂಡದ್ದೇ ವಿನ್ಯಾಸ, ಮೇಲೊಂದು ಕೆಳಗೊಂದು ಕವಲುತೋಳು, ನಡುವೆ ಸುರುಳಿ ಸ್ಪ್ರಿಂಗ್. ಇನ್ನೊಂದನ್ನು ಹೊತ್ತು ತಂದವನು ಆಂದ್ರೆ ದುಬೊನೆ ಎಂಬ ಫ್ರೆಂಚ್ ಶೋಕಿಲಾಲ. ಅವನ ಮನೆತನದ ಮದ್ಯ ಫ್ರಾನ್ಸಿನಲ್ಲೆಲ್ಲ ಪ್ರಸಿದ್ಧ. ಆತ ಮೊದಲ ಮಹಾಯುದ್ಧದಲ್ಲಿ ಯುದ್ಧವಿಮಾನ ಹಾರಿಸಿದ್ದ, 1924ರಲ್ಲಿ ಸಿಸಿಲಿಯ ಟಾರ್ಗಾ ಫ್ಲೋರಿಯೊ ರೇಸಿನಲ್ಲಿ ಹಿಸ್ಪಾನೊ ಸುಯಿಜಾ ಕಾರು ಓಡಿಸಿದ್ದ, 1928ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಹಿಮದ ಬಂಡಿಯಲ್ಲೂ ಜಾರಿದ್ದ. ಇಷ್ಟೆಲ್ಲ ಹುಚ್ಚಾಟಗಳ ನಡುವೆ ಕಾರಿನ ಸ್ಪ್ರಿಂಗಿನ ಬಗ್ಗೆಯೂ ತಲೆಕೆಡಿಸಿಕೊಂಡಿದ್ದ. ಅವನ ವಿನ್ಯಾಸದಲ್ಲಿ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಎಣ್ಣೆ ತುಂಬಿದ ಒಂದು ಮುಚ್ಚಿದ ಡಬ್ಬಿಯೊಳಗೆ ಅಡಗಿ ಕೂತು, ಆ ಡಬ್ಬಿಯೇ ಗಾಲಿಯೊಡನೆ ತಿರುಗುತ್ತಿತ್ತು.

ಕಾರುಗಳನ್ನು ರಸ್ತೆಗಿಳಿಸಿದ ಕೂಡಲೇ ತಮ್ಮ ಕೈಗೆ ಸಿಕ್ಕಿದ್ದೇನೆಂದು ಎಲ್ಲರಿಗೂ ಅರಿವಾಯಿತು. ಶಿಮ್ಮಿ ಮಾತ್ರ ಬೇರೆ ವೇಷದಲ್ಲಿ ವಾಪಸ್ಸು ಬಂತು. ಗಾಲಿಗಳು ಬೇರೆಬೇರೆಯಾದರೂ ಅವುಗಳನ್ನು ತಿರುಗಿಸುವ ಸ್ಟೇರಿಂಗಿನ ಸರಳುಗಳು ಹಳೆಯ ಕಾಲದವೇ ಆಗಿದ್ದವು. ಗಾಲಿ ಮೇಲೆ ಕೆಳಗೆ ಆಡಿದಾಗಲೆಲ್ಲ ಸರಳು ಅದನ್ನು ಎಳೆಯುತ್ತಿತ್ತು. ಸ್ಟೇರಿಂಗನ್ನು ಬಿಚ್ಚಿ ಮತ್ತೆ ವಿನ್ಯಾಸ ಮಾಡಿದರು, ಅದು ಸೋತಿತು. ಮತ್ತೆ ಮಾಡಿದರು.

1933ರ ಫೆಬ್ರವರಿಯಲ್ಲಿ ಮಿಷಿಗನ್ ರಾಜ್ಯದ ಬ್ಯಾಂಕುಗಳೆಲ್ಲ ಬಾಗಿಲು ಹಾಕಿದವು. ಮಾರ್ಚಿನ ಹೊತ್ತಿಗೆ ದೇಶದ ಉಳಿದ ಕಡೆಯೂ ಅದೇ ಕತೆ. ಜನರಲ್ ಮೋಟರ್ಸ್‌ನ ತಾಂತ್ರಿಕ ಸಮಿತಿಯ ದೊಡ್ಡವರು ಕ್ಯಾಡಿಲಾಕ್ ಕಟ್ಟಡಕ್ಕೆ ಬಂದು ಎರಡು ಪ್ರಯೋಗದ ಕಾರುಗಳನ್ನು ನೋಡಿದ್ದು ಆ ಮಾರ್ಚಿನಲ್ಲೇ. ಜೊತೆಗೆ ಹೊಸ ಬಗೆಯ ಗೇರ್ ವ್ಯವಸ್ಥೆ ಹಾಕಿದ ಒಂದು ಬ್ಯೂಯಿಕ್ ಕೂಡ ಸಾಲಿನಲ್ಲಿತ್ತು. ಹಣ ಸುರಿಯಬೇಕಾದದ್ದು ಯಾವುದಕ್ಕೆ ಎಂಬುದು ಪ್ರಶ್ನೆ. ದೊಡ್ಡವರು ಹೊಸ ಕಾರಿನಲ್ಲಿ ಹೊರಟರು, ಓಲಿಯೂ ಅವನ ಮೇಲಧಿಕಾರಿ ಅರ್ನೆಸ್ಟ್ ಸೀಹೋಮನೂ ಇನ್ನೊಂದು ಕಾರಿನಲ್ಲಿ ಬೆನ್ನುಹತ್ತಿದರು. ಒಂದು ಕೆಂಪು ದೀಪದಲ್ಲಿ ಎರಡೂ ಕಾರುಗಳು ಪಕ್ಕಪಕ್ಕದಲ್ಲಿ ನಿಂತವು. ಪಕ್ಕದ ಕಾರಿನೊಳಗೆ ಮಾರಾಟ ವಿಭಾಗದ ಮುಖ್ಯಸ್ಥ ರಿಚರ್ಡ್ ಗ್ರಾಂಟ್ ನಗುತ್ತ, ಅಂಗೈಯನ್ನು ನೆಲಕ್ಕೆ ಸಮವಾಗಿ ಹಿಡಿದು ಮೇಲೆ ಕೆಳಗೆ ಆಡಿಸಿ ತೋರಿಸುತ್ತಿದ್ದ. ಮಟ್ಟಸ! ಹೊರಟು ಎರಡು ಮೈಲಿಯೂ ಆಗುವ ಮೊದಲೇ ಗೆದ್ದಿದ್ದೇವೆಂದು ಓಲಿಗೆ ಗೊತ್ತಾಯಿತು.

ಆಮೇಲಿನ ಸಭೆಯಲ್ಲಿ ಗೇರ್ ವ್ಯವಸ್ಥೆ ಬಿದ್ದುಹೋಯಿತು. ನೂರು ಡಾಲರಿಗೂ ಮೀರಿದ ಆ ಸಾಮಾನಿಲ್ಲದೆ ಗ್ರಾಹಕ ಬದುಕಬಲ್ಲ, ಆದರೆ ಹದಿನೈದು ಡಾಲರಿಗೆ ಇಂಥ ಸವಾರಿ ಸಿಗುವುದಾದರೆ ಹಣವನ್ನು ಎಲ್ಲಿಂದಲಾದರೂ ಹೊಂದಿಸುತ್ತೇನೆ ಎಂದು ಗ್ರಾಂಟ್ ಹೇಳಿದ. ಸಂಶೋಧನೆಯ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್, ಇದನ್ನು ಮಾಡದೆ ಬಿಡುವುದೇ ನಮಗೆ ದುಬಾರಿಯಾದೀತು ಎಂದ. ಬೆಲೆಬಾಳುವ ಕಾರುಗಳಿಗಷ್ಟೇ ಸಾಕು ಎಂದುಕೊಂಡಿದ್ದವರಿಗೆ ಷೆವ್ರೊಲೆಯ ಯಜಮಾನ ವಿಲಿಯಂ ನುಡ್ಸನ್ ಅಡ್ಡ ನಿಂತ. ತನ್ನ ಅಗ್ಗದ ಕಾರಿಗೂ ಇದು ಬೇಕೇ ಬೇಕು. ಅಷ್ಟೊಂದು ಕಾರುಗಳ ಸುರುಳಿ ಸ್ಪ್ರಿಂಗಿಗೆ ಬೇಕಾದ ತಂತಿ ಉಜ್ಜಲು ಇಡೀ ಅಮೆರಿಕದಲ್ಲಿ ಸಾಕಾಗುವಷ್ಟು ಯಂತ್ರಗಳೇ ಇಲ್ಲ ಎಂದು ತಿಳಿಹೇಳಿದರು. ಯಂತ್ರ ಮಾಡುವವರು ವರ್ಷಗಳಿಂದ ಕೆಲಸವಿಲ್ಲದೆ ಕೂತಿದ್ದಾರೆ, ಈಗ ಮಾಡಲಿ ಎಂದು ನುಡ್ಸನ್ ಜಗ್ಗಲಿಲ್ಲ.

1934ರ ಮಾದರಿಗಳಲ್ಲಿ ಜನರಲ್ ಮೋಟರ್ಸ್‌ನ ಎಲ್ಲ ಹೆಸರಿನ ಕಾರುಗಳಿಗೂ ಹೊಸ ಮುಂಗಾಲುಗಳು ಬಂದವು. ಕ್ಯಾಡಿಲಾಕ್, ಬ್ಯೂಯಿಕ್, ಓಲ್ಡ್ಸ್‌ಮೊಬೈಲ್ ಕವಲುತೋಳು ಪಡೆದವು. ಷೆವ್ರೊಲೆ, ಪಾಂಟಿಯಾಕ್ ದುಬೊನೆಯ ಡಬ್ಬಿ ಪಡೆದವು. ಡಬ್ಬಿಯಿಂದ ಎಣ್ಣೆ ಸೋರಿತು. 1939ರ ಹೊತ್ತಿಗೆ ಷೆವ್ರೊಲೆಯೂ ಕವಲುತೋಳಿಗೆ ಬಂದು ಸೇರಿತು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯದಿದ್ದದ್ದಕ್ಕೆ ಕಾರಣ ತೂಕ ಮತ್ತು ದುಡ್ಡು. ಪ್ರತಿ ಮುಂಗಾಲಿಗೆ ಎರಡು ತೋಳು, ಅವುಗಳ ಬುಷ್ಷುಗಳು, ಗಾಲಿ ಎಡಬಲಕ್ಕೆ ತಿರುಗಲು ಕೀಲಾಗುವ ಕಿಂಗ್‌ಪಿನ್, ಒಂದು ಸ್ಪ್ರಿಂಗ್, ಬೇರೆಯಾಗಿ ಒಂದು ಶಾಕ್ ಅಬ್ಸಾರ್ಬರ್. ದೊಡ್ಡ ಕಾರಿನಲ್ಲಿ ಇದೆಲ್ಲ ಹಿಡಿಸುತ್ತಿತ್ತು. 1945ರಲ್ಲಿ ಯುದ್ಧ ಮುಗಿಯುತ್ತ ಬಂದಾಗ ಷೆವ್ರೊಲೆ ಒಂದು ಸಣ್ಣ ಕಾರು ಮಾಡಹೊರಟಿತು. ಹೆಸರು ‘ಕೆಡೆಟ್’. ತೂಕ 2,200 ಪೌಂಡ್ ಮೀರಬಾರದು, ಬೆಲೆ 1,000 ಡಾಲರ್ ಒಳಗಿರಬೇಕು. ಕೆಲಸ ವಹಿಸಿಕೊಂಡವನು ಅರ್ಲ್ ಮ್ಯಾಕ್‌ಫರ್ಸನ್.

1891ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಿ, ಚಾಮರ್ಸ್, ಲಿಬರ್ಟಿ, ಹಪ್ ಎಂಬ ಕಾರು ಕಂಪನಿಗಳನ್ನು ದಾಟಿ ಬಂದವನು ಅವನು. ಆ ಮೂರು ಕಂಪನಿಗಳೂ ಈಗಿಲ್ಲ. ಮೊದಲ ಯುದ್ಧದ ಕಾಲದಲ್ಲಿ ಯುರೋಪಿಗೆ ಹೋಗಿ ವಿಮಾನದ ಎಂಜಿನುಗಳ ಕೆಲಸ ನೋಡಿದ್ದ. ಸಣ್ಣ ಕಾರು ಎಂದರೆ ದೊಡ್ಡ ಕಾರಿನ ಬಡ ನೆಂಟ ಎಂಬ ಮಾತನ್ನು ಒಪ್ಪುವ ಜಾಯಮಾನ ಅವನದಲ್ಲ. ಕೆಡೆಟ್‌ನ ನಾಲ್ಕೂ ಗಾಲಿಗಳಿಗೆ ಸ್ವತಂತ್ರ ಆಸರೆ ಬೇಕೆಂದು ಹಟ ಹಿಡಿದ. ಆಗಿನ ಕ್ಯಾಡಿಲಾಕ್ ಕೊಳ್ಳುವವರಿಗೂ ಆ ಭಾಗ್ಯ ಇರಲಿಲ್ಲ.

ಬೆಲೆಯ ಗೋಡೆಗೆ ತಲೆ ಚಚ್ಚಿಕೊಂಡಾಗಲೇ ದಾರಿ ಕಂಡದ್ದು. ಭಾಗಗಳನ್ನು ಅಗ್ಗ ಮಾಡುವ ಬದಲು ಇಲ್ಲವಾಗಿಸಿದರೆ? ಶಾಕ್ ಅಬ್ಸಾರ್ಬರ್ ಹೇಗೂ ಗಾಲಿಯ ಬಳಿಯಿಂದ ಮೇಲಕ್ಕೆ ನಿಂತಿರುವ ಕೊಳವೆ. ಅದನ್ನೇ ದಪ್ಪ ಮಾಡಿ, ಗಾಲಿಯ ಗುಂಭಕ್ಕೆ ಬಿಗಿದು, ಮೇಲ್ತುದಿಯನ್ನು ಕಾರಿನ ಮೈಗೆ ಸೇರಿಸಿಬಿಟ್ಟರೆ ಮೇಲಿನ ತೋಳಿನ ಕೆಲಸ ಅದೇ ಮಾಡುತ್ತದೆ. ಸುರುಳಿ ಸ್ಪ್ರಿಂಗನ್ನು ಅದರ ಸುತ್ತ ತೊಡಿಸಿದರೆ ಸ್ಪ್ರಿಂಗಿಗೆ ಬೇರೆ ಜಾಗ ಬೇಡ. ಸ್ಟೇರಿಂಗ್ ತಿರುಗಿಸಿದಾಗ ಇಡೀ ಕೊಳವೆಯೇ ಗಾಲಿಯೊಡನೆ ತಿರುಗಿದರೆ ಕಿಂಗ್‌ಪಿನ್ ಕೂಡ ಬೇಡ. ಉಳಿದದ್ದು ಕೆಳಗಿನ ಒಂದು ತೋಳು. ಹೀಗೆ ಹುಟ್ಟಿದ್ದು ಸ್ಟ್ರಟ್.

ಇದು ಶೂನ್ಯದಿಂದ ಇಳಿದು ಬಂದದ್ದೇನೂ ಅಲ್ಲ. ಫಿಯಟ್ ಕಂಪನಿಯ ಗೀದೊ ಫೊರ್ನಾಕಾ 1920ರ ದಶಕದಲ್ಲೇ ಇಂಥದ್ದಕ್ಕೆ ಹತ್ತಿರದ ವಿನ್ಯಾಸಕ್ಕೆ ಪೇಟೆಂಟ್ ಪಡೆದಿದ್ದ. ವಿಮಾನಗಳ ಗಾಲಿಗಳಿಗೆ ಎಣ್ಣೆಯ ಕೊಳವೆಗಳ ಆಸರೆ ಅದಕ್ಕೆ ಮೊದಲೇ ಇತ್ತು. ವಿಮಾನ ಕಟ್ಟುತ್ತಿದ್ದ ವಿಲಿಯಂ ಸ್ಟೌಟ್ ತನ್ನ ವಿಚಿತ್ರ ಕಾರು ‘ಸ್ಕಾರಬ್’ಗೆ ಅಂಥವನ್ನು ಹಾಕಿಯೂ ಇದ್ದ. ಮ್ಯಾಕ್‌ಫರ್ಸನ್ನನ ಹೆಚ್ಚುಗಾರಿಕೆ ಅದನ್ನು ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ತಯಾರಿಸಬಲ್ಲ ಸರಳ ಸಾಮಾನನ್ನಾಗಿ ಮಾಡಿದ್ದು. ನನ್ನ ಲೆಕ್ಕದಲ್ಲಿ ಅದು ಮೊದಲು ಹೊಳೆದದ್ದಕ್ಕಿಂತ ದೊಡ್ಡದು.

1947ರ ಮಾರ್ಚಿನಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. ಮೇ ತಿಂಗಳಲ್ಲಿ ಕೆಡೆಟ್ ಯೋಜನೆಯೇ ರದ್ದಾಯಿತು. ಯುದ್ಧ ಮುಗಿದ ಅಮೆರಿಕದಲ್ಲಿ ಹಳೆಯ ಮಾದರಿಯ ದೊಡ್ಡ ಕಾರುಗಳನ್ನೇ ಜನ ಸಾಲುಗಟ್ಟಿ ಕೊಳ್ಳುತ್ತಿದ್ದರು, ಉಕ್ಕಿಗೆ ಬರವಿತ್ತು, ಸಾವಿರ ಡಾಲರಿನ ಕಾರಿನಲ್ಲಿ ಲಾಭ ಕಾಣಲಿಲ್ಲ. ಎರಡು ವರ್ಷಗಳ ಕೆಲಸ ಕಪಾಟಿಗೆ ಹೋಯಿತು. ಪೇಟೆಂಟಿನ ಹಕ್ಕು ಜನರಲ್ ಮೋಟರ್ಸ್‌ನದ್ದೇ. ಅದೇ ಸೆಪ್ಟೆಂಬರಿನಲ್ಲಿ ಮ್ಯಾಕ್‌ಫರ್ಸನ್ ಕಂಪನಿ ಬಿಟ್ಟ. ಹೋಗಿ ಸೇರಿದ್ದು ಕಡುವೈರಿ ಫೋರ್ಡಿಗೆ.

ಫೋರ್ಡಿನಲ್ಲಿ ಆತ ಸ್ಟ್ರಟ್ಟನ್ನು ಇನ್ನೂ ಸರಳಗೊಳಿಸಿದ. ಕಾರು ತಿರುವಿನಲ್ಲಿ ವಾಲದಂತೆ ಎಡಬಲ ಗಾಲಿಗಳ ನಡುವೆ ಹಾಕುವ ಬಾಗಿದ ಸರಳೊಂದಿದೆಯಲ್ಲ, ಆ್ಯಂಟಿ ರೋಲ್ ಬಾರ್, ಅದರ ತುದಿಯನ್ನೇ ಕೆಳತೋಳಿಗೆ ಸೇರಿಸಿ, ಗಾಲಿ ಹಿಂದೆ ಮುಂದೆ ಜಾರದಂತೆ ಹಿಡಿಯುವ ಕೆಲಸವನ್ನೂ ಅದಕ್ಕೇ ಹಚ್ಚಿದ. ಇನ್ನೊಂದು ಭಾಗ ಮಾಯವಾಯಿತು. ಈ ಸ್ಟ್ರಟ್ ಮೊದಲು ರಸ್ತೆಗಿಳಿದದ್ದು ಅಮೆರಿಕದಲ್ಲಲ್ಲ.  1950ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಇಂಗ್ಲಿಷ್ ಫೋರ್ಡಿನ ಕಾನ್ಸಲ್, ಝೆಫರ್ ಕಾರುಗಳ ಅಡಿಯಲ್ಲಿ ನಿಂತು ಹೆಸರು ಮಾಡಿತು. ತನ್ನ ದೇಶದ ಫೋರ್ಡ್ ಕಾರುಗಳಲ್ಲಿ ಅದನ್ನು ನೋಡುವ ಯೋಗ ಮ್ಯಾಕ್‌ಫರ್ಸನ್ನನಿಗೆ ಇರಲಿಲ್ಲ. ಆತ ಆ ಕಂಪನಿಯ ಎಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷನಾದ, ನಿವೃತ್ತನಾದ, 1960ರಲ್ಲಿ ತೀರಿಕೊಂಡ. ಅಮೆರಿಕದ ಫೋರ್ಡಿಗೆ ಆ ಬಗೆಯ ಸ್ಟ್ರಟ್ ಬಂದದ್ದು 1978ರ ಫೇರ್‌ಮಾಂಟ್ ಮಾದರಿಯಲ್ಲಿ. ಪೇಟೆಂಟ್ ಕಪಾಟಿನಲ್ಲಿಟ್ಟಿದ್ದ ಷೆವ್ರೊಲೆ ಅದನ್ನು ‘ಸೈಟೇಷನ್’ನಲ್ಲಿ ಬಳಸಿದ್ದು 1979ರಲ್ಲಿ, ಅರ್ಜಿ ಹಾಕಿದ ಮೂವತ್ತೆರಡು ವರ್ಷಗಳ ಮೇಲೆ.

ಇತ್ತ ಕ್ಯಾಲಿಫೋರ್ನಿಯಾದ ಹುಡುಗರಿಗೆ ಓಲಿಯ ಮಟ್ಟಸ ಸವಾರಿಯೂ ಬೇಕಿರಲಿಲ್ಲ, ಮ್ಯಾಕ್‌ಫರ್ಸನ್ನನ ಉಳಿತಾಯವೂ ಬೇಕಿರಲಿಲ್ಲ. ಕಾರು ನೆಲಕ್ಕೆ ತಾಗುವಷ್ಟು ತಗ್ಗಾಗಿ ಕಾಣಬೇಕಿತ್ತು. ಡಿಕ್ಕಿಯಲ್ಲಿ ಮರಳಿನ ಮೂಟೆ ಹೇರಿದರು. ಗ್ಯಾಸ್ ಬೆಂಕಿಯಿಂದ ಸ್ಪ್ರಿಂಗ್ ಕಾಯಿಸಿ ಕುಗ್ಗಿಸಿದರು, ಕಾದ ಉಕ್ಕು ಹದ ಕಳೆದುಕೊಂಡು ದಿನೇ ದಿನೇ ಇನ್ನಷ್ಟು ಕುಸಿಯಿತು. ಬೇಸತ್ತು ಸುರುಳಿಯ ಒಂದೆರಡು ಸುತ್ತನ್ನೇ ಕತ್ತರಿಸಿದರು. ಆಗ ಒಂದು ವಿಚಿತ್ರ ಎದುರಾಯಿತು, ಕತ್ತರಿಸಿದ ಸ್ಪ್ರಿಂಗ್ ಮೊದಲಿಗಿಂತ ಬಿರುಸಾಗಿರುತ್ತಿತ್ತು. ಬಗ್ಗುವುದಕ್ಕೆ ತಂತಿಯ ಉದ್ದವೇ ಕಡಿಮೆಯಾದ ಮೇಲೆ ಅದು ಹಾಗಾಗದೆ ಬೇರೆ ಗತಿಯಿಲ್ಲ. ಕಾರಿನ ಯಾವ ಭಾಗವೂ ಗಾಲಿಯ ರಿಮ್ಮಿನ ಕೆಳ ಅಂಚಿಗಿಂತ ಕೆಳಗಿರಬಾರದೆಂದು ಆ ರಾಜ್ಯ ಕಾನೂನು ಮಾಡಿತು. ರಾನ್ ಅಗಿರ್ರೆ ಎಂಬ ತರುಣ 1959ರಲ್ಲಿ ತನ್ನ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಪಂಪುಗಳನ್ನು ಜೋಡಿಸಿ, ಗುಂಡಿ ಒತ್ತಿದರೆ ಏರುವ, ಮತ್ತೊಮ್ಮೆ ಒತ್ತಿದರೆ ಇಳಿಯುವ ಹಾಗೆ ಮಾಡಿಕೊಂಡ. ಪೊಲೀಸರ ಮುಂದೆ ಸಭ್ಯ ಎತ್ತರ, ಅವರು ಮರೆಯಾದ ಮೇಲೆ ನೆಲಕ್ಕೆ.

ತಗ್ಗಿಸುವ ಹುಚ್ಚು ಮನೆಮನೆಯ ಮಾತಾದದ್ದು ಮಾತ್ರ ಸ್ಟ್ರಟ್ಟಿನಿಂದ. 1974ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಬಂತು, ಎರಡು ವರ್ಷದಲ್ಲಿ ಅದರ ಚುರುಕಿನ ತಮ್ಮ ಜಿಟಿಐ ಬಂತು. ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕೊಳವೆಯಲ್ಲಿ. ಕೆಲವು ಬೋಲ್ಟು ಬಿಚ್ಚಿದರೆ ಇಡೀ ಕಾಲು ಕೈಗೆ ಬರುತ್ತದೆ. 1951ರಿಂದ ಸ್ಪ್ರಿಂಗ್ ಮಾಡಿಕೊಂಡು ಬಂದಿದ್ದ ಐಬಾಕ್‌ನಂಥ ಜರ್ಮನ್ ಕಂಪನಿಗಳು ಮೂವತ್ತು ನಲವತ್ತು ಮಿಲಿಮೀಟರ್ ಗಿಡ್ಡ ಸ್ಪ್ರಿಂಗುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿದವು.

ಹಾಕಿಸಿಕೊಂಡವರಿಗೆ ಅಚ್ಚರಿ ಕಾದಿತ್ತು. ಕೆಳಗಿಳಿದ ಕಾರು ತಿರುವಿನಲ್ಲಿ ಕಡಿಮೆ ವಾಲಬೇಕು ಎಂಬುದು ಯಾರಿಗಾದರೂ ತೋಚುವ ಮಾತು. ಆದರೆ ಸಾಧಾರಣ ಬಿಗಿಯ ಗಿಡ್ಡ ಸ್ಪ್ರಿಂಗ್ ಹಾಕಿ ತುಂಬಾ ತಗ್ಗಿಸಿದ ಕೆಲವು ಕಾರುಗಳು ಮೊದಲಿಗಿಂತ ಹೆಚ್ಚು ವಾಲಿದವು. ಉಬ್ಬು ಹತ್ತಿದಾಗ ಸ್ಟೇರಿಂಗ್ ತಾನಾಗಿ ತಿರುಗುತ್ತಿತ್ತು. ಹಳೆಯ ಶಾಕ್ ಅಬ್ಸಾರ್ಬರನ್ನೇ ಉಳಿಸಿಕೊಂಡವರ ಕಾರಿನಲ್ಲಿ ಅದರೊಳಗಿನ ದಂಡ ತಳಕ್ಕೆ ಬಡಿದು ಸೀಲು ಒಡೆದು ಎಣ್ಣೆ ಸೋರಿತು. ಎಲ್ಲ ಸರಿಯಿದ್ದರೂ ಹೆದ್ದಾರಿಯಲ್ಲಿ ಕಾರು ಮೂತಿಯೆತ್ತಿ ಕುಣಿಯುತ್ತಿತ್ತು.

ಗಂಟು ಬಿಚ್ಚಿಕೊಂಡದ್ದು ಕಾಗದದ ಮೇಲೆ ಎರಡು ಗೆರೆ ಎಳೆದಾಗ. ಸ್ಟ್ರಟ್ ಇರುವ ಕಾರು ತಿರುವಿನಲ್ಲಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು ರೋಲ್ ಸೆಂಟರ್. ಸ್ಟ್ರಟ್ಟಿನ ಮೇಲ್ತುದಿಯಿಂದ ಅದಕ್ಕೆ ಲಂಬವಾಗಿ ಒಂದು ಗೆರೆ, ಕೆಳತೋಳಿನ ಉದ್ದಕ್ಕೆ ಇನ್ನೊಂದು ಗೆರೆ. ಅವೆರಡೂ ಕೂಡುವ ಕಡೆಯಿಂದ ಟೈರು ನೆಲ ಮುಟ್ಟುವ ಜಾಗಕ್ಕೆ ಗೆರೆ ಎಳೆದರೆ, ಕಾರಿನ ನಡುಗೆರೆಯನ್ನು ಅದು ಕಡಿಯುವ ಕಡೆ ಆ ಬಿಂದು. ಕಾರನ್ನು ತಗ್ಗಿಸಿದಾಗ ಕೆಳತೋಳಿನ ಹೊರತುದಿ ಮೇಲೇರಿ ಓರೆಯಾಗುತ್ತದೆ, ಬಿಂದು ಸರ್ರನೆ ಕೆಳಗಿಳಿಯುತ್ತದೆ. ಕಾರಿನ ಭಾರ ಇಳಿದದ್ದಕ್ಕಿಂತ ಹೆಚ್ಚು ಬಿಂದುವೇ ಇಳಿಯುವುದರಿಂದ ಅವೆರಡರ ನಡುವಿನ ದೂರ, ಎಂದರೆ ಕಾರನ್ನು ವಾಲಿಸುವ ಸನ್ನೆಗೋಲು, ಉದ್ದವಾಗುತ್ತದೆ. ಒಳ್ಳೆಯ ಗಿಡ್ಡ ಸ್ಪ್ರಿಂಗುಗಳನ್ನು ಬಿರುಸಾಗಿ ಮಾಡುವುದು ತಳ ಬಡಿಯದಿರಲಿ ಎಂದು ಮಾತ್ರವಲ್ಲ, ಈ ನಷ್ಟವನ್ನು ತುಂಬಲು ಕೂಡ. ಸ್ಟೇರಿಂಗಿನ ಟೈ ರಾಡ್ ಕೆಳತೋಳಿನೊಡನೆ ಹೊಂದಿಕೊಂಡಿದ್ದ ಓರೆ ಕೆಟ್ಟಿದ್ದರಿಂದ ಗಾಲಿ ತಾನಾಗಿ ತಿರುಗುತ್ತಿತ್ತು. ಓಲಿಯ ತಂಡ ಮತ್ತೆ ಮತ್ತೆ ಬಿಚ್ಚಿ ಕಟ್ಟಿದ್ದೂ ಇದೇ ಸ್ಟೇರಿಂಗಿನ ಸರಳುಗಳನ್ನು.

ಹೆದ್ದಾರಿಯ ಕುಣಿತಕ್ಕೆ ಕಾರಣ ಇನ್ನೂ ಸರಳ. ಉಬ್ಬನ್ನು ಮುಂಗಾಲಿ ಮೊದಲು ಹತ್ತುತ್ತದೆ, ಹಿಂಗಾಲಿ ಕ್ಷಣ ತಡವಾಗಿ. ಹಿಂದಿನ ಸ್ಪ್ರಿಂಗ್ ಚುರುಕಾಗಿ ಆಡಿದರೆ ತಡವಾಗಿ ಹೊರಟರೂ ಮುಂದಿನದನ್ನು ಹಿಡಿದುಬಿಡುತ್ತದೆ. ಎರಡು ತುದಿಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ಕಾರು ಮಟ್ಟಸವಾಗುತ್ತದೆ. ಮುಂದಿನದನ್ನೇ ಬಿರುಸು ಮಾಡಿದವರು ದುಡ್ಡು ಕೊಟ್ಟು 1930ರ ಸವಾರಿಯನ್ನು ವಾಪಸ್ಸು ತಂದುಕೊಂಡರು.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮುಂಗಾಲಿಗಳಲ್ಲೂ ಮ್ಯಾಕ್‌ಫರ್ಸನ್ ಸ್ಟ್ರಟ್ಟೇ ಇತ್ತು. ಈಗ ನಮ್ಮಲ್ಲಿ ಮಾರಾಟವಾಗುವ ಬಹುತೇಕ ಸಣ್ಣ ಕಾರುಗಳದ್ದೂ ಅದೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ರಸ್ತೆಯ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬಡಾವಣೆಗಳ ಹಂಪುಗಳಿಗೆ ಆ ಅಳತೆ ಗೊತ್ತಿದ್ದಂತಿಲ್ಲ. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿದೆ. ಇಷ್ಟಾದ ಮೇಲೂ ತಗ್ಗಿಸಿಯೇ ತೀರುವವರು ಬರೀ ಸ್ಪ್ರಿಂಗ್ ಬದಲಿಸಿ ಸುಮ್ಮನಾಗುವಂತಿಲ್ಲ. ಅದಕ್ಕೆ ತಕ್ಕ ಗಿಡ್ಡ ಸ್ಟ್ರಟ್ಟು, ಕೆಳತೋಳಿನ ಓರೆಯನ್ನು ಸರಿಪಡಿಸುವ ಬಾಲ್ ಜಾಯಿಂಟು, ಕೊನೆಗೆ ವ್ಹೀಲ್ ಅಲೈನ್‌ಮೆಂಟು, ಇಷ್ಟೂ ಸೇರಿದರೆ ಮಾತ್ರ ಅದು ಪೂರ್ತಿ ಕೆಲಸ.